ಪರೋಕ್ಷೋಕ್ತಿಯ ಪೂರ್ವಕಥೆ

ಇಂಗ್ಲಿಷು ವ್ಯಾಕರಣವನ್ನು ಶಾಲೆಯಲ್ಲಿ ಓದಿದವರು ‘ಡೈರೆಕ್ಟ್ ಸ್ಪೀಚ್’, ‘ಇನ್‌ಡೈರೆಕ್ಟ್ ಸ್ಪೀಚ್’ ಎಂಬ ಎರಡು ಹೆಸರುಗಳನ್ನು ಮರೆತಿರಲಾರರು. ಒಬ್ಬನು ಆಡಿದ ಮಾತನ್ನು ಅವನ ಬಾಯಿಂದ ಬಂದಂತೆಯೇ ಎತ್ತಿ ಹೇಳುವುದು ಮೊದಲನೆಯದು. ಅದನ್ನೇ ಹೇಳುವವನು ತನ್ನ ಕಾಲದೇಶಗಳಿಗೆ ಒಗ್ಗಿಸಿಕೊಂಡು ಹೇಳುವುದು ಎರಡನೆಯದು. ಇವಕ್ಕೆ ಪ್ರತ್ಯಕ್ಷೋಕ್ತಿ, ಪರೋಕ್ಷೋಕ್ತಿ ಎಂಬ ಹೆಸರುಗಳನ್ನಿಟ್ಟುಕೊಂಡು ಮುಂದುವರಿಯುವೆನು. ಒಂದನ್ನು ಮತ್ತೊಂದಾಗಿ ಮಾರ್ಪಡಿಸುವ ಅಭ್ಯಾಸವು ನಮ್ಮ ಮಕ್ಕಳ ಪಾಲಿಗೆ ಎಷ್ಟು ದಂಡನೆಗೆ ಕಾರಣವಾಯಿತೆಂಬುದನ್ನು ಬಲ್ಲವರೇ ಬಲ್ಲರು. ‘ಹೀ ಸೆಡ್ ದಟ್ ಐ ಆಮ್ ಕಮಿಂಗ್ ಟುಮಾರೋ’ ಎಂದು ಬರೆದ ಹುಡುಗನು ಮಂದಮತಿಯೆಂದು ತೀರ್ಮಾನವಾಗುತ್ತಿತ್ತು. ಆದರೆ ಆ ಹುಡುಗನು ಬರೆದುದು ಮಂದಮತಿಯ ಇಂಗ್ಲಿಷಲ್ಲ. ಅದು ಶುದ್ಧವಾದ ಕನ್ನಡ. ‘ನಾಳೆ ನಾನು ಬರುತ್ತೇನೆ ಎಂದು ಹೇಳಿದನು’ ಎಂಬ ನಿರ್ದುಷ್ಟ ವಾಕ್ಯವನ್ನೇ ಅವನು ಪದಕ್ಕೆ ಪದವಿಟ್ಟು ಅತ್ತ ಸಾಗಿಸಿದ್ದಾನೆ. ಅವನ ತಾಯಿನುಡಿ ಮಾಡದ ಕೆಲಸವೊಂದನ್ನು ಇಂಗ್ಲಿಷು ಏಕೆ ಮಾಡುತ್ತದೆ, ಯಾರಿಂದ ಕಲಿತು ಮಾಡುತ್ತದೆ ಎಂಬುದನ್ನು ಯಾರೂ ಅವನಿಗೆ ಹೇಳಿರುವುದಿಲ್ಲ. ಆ ಕಥೆಯನ್ನು ಇಲ್ಲಿ ಕೊಂಚ ವಿಸ್ತರಿಸಬೇಕೆಂದಿದ್ದೇನೆ.

ಮೊದಲು ನಮ್ಮ ಮನೆಯ ಸ್ಥಿತಿಯನ್ನು ನೋಡೋಣ. ಸಂಸ್ಕೃತದಲ್ಲಿ ಪರರ ಮಾತನ್ನು ಹೇಳುವ ಉಪಾಯವು ಬಹು ಸರಳವಾದುದು. ಆಡಿದ ಮಾತನ್ನು ಆಡಿದಂತೆಯೇ ಇರಿಸಿ, ಕೊನೆಗೆ ‘ಇತಿ’ ಎಂಬ ಅವ್ಯಯವನ್ನು ಹಚ್ಚಿದರೆ ತೀರಿತು. ಪುರುಷ ಬದಲಾಗದು, ಲಕಾರ ಬದಲಾಗದು, ‘ಅದ್ಯ’ ಎಂಬುದು ‘ತಸ್ಮಿನ್ ದಿನೇ’ ಆಗಬೇಕಾಗಿಲ್ಲ. ಆಡಿದ ಮಾತು ಮಾತ್ರವಲ್ಲ, ಮನಸ್ಸಿನಲ್ಲಿ ಎಣಿಸಿದ್ದು, ಭಯಪಟ್ಟದ್ದು, ನಿಶ್ಚಯಿಸಿದ್ದು, ಎಲ್ಲಕ್ಕೂ ಅದೇ ‘ಇತಿ’. ಬ್ರಾಹ್ಮಣ, ಉಪನಿಷತ್ತುಗಳ ಕಾಲದಿಂದ ಗದ್ಯವು ಈ ದಾರಿಯಲ್ಲಿಯೇ ನಡೆದುಬಂದಿದೆ. ವೈಯಾಕರಣರ ಕೈಯಲ್ಲಿ ಇದೇ ‘ಇತಿ’ ಇನ್ನೊಂದು ಚಮತ್ಕಾರವನ್ನೂ ಮಾಡುತ್ತದೆ. ಲೋಕದಲ್ಲಿ ಶಬ್ದವು ಅರ್ಥವನ್ನು ಹೇಳುತ್ತದೆ. ‘ಇತಿ’ ಸೇರಿದರೆ ಶಬ್ದದ ಸ್ವರೂಪವನ್ನು ಹೇಳುತ್ತದೆ. ಪಾಣಿನಿಯ ಶಾಸ್ತ್ರದಲ್ಲಿ ಶಬ್ದವು ತನ್ನ ಸ್ವರೂಪವನ್ನೇ ಹೇಳುವುದು ಸಾಮಾನ್ಯ ನಿಯಮವಾದುದರಿಂದ, ಅಲ್ಲಿ ‘ಇತಿ’ ಸೇರಿದರೆ ಅರ್ಥವೇ ಗ್ರಾಹ್ಯವಾಗುತ್ತದೆ. ವಿಭಾಷಾ ಎಂಬ ಸಂಜ್ಞೆಯನ್ನು ವಿಧಿಸುವ ಸೂತ್ರದಲ್ಲಿ ಮಹಾಭಾಷ್ಯಕಾರರು ಇದನ್ನೇ ಚರ್ಚಿಸಿದ್ದಾರೆ. ಇದು ಪ್ರಕೃತಕ್ಕೆ ಅಷ್ಟಾಗಿ ಬೇಕಾದುದಲ್ಲ. ಪಾಠಶಾಲೆಯಲ್ಲಿ ಕಲಿತ ಚಪಲದಿಂದ ಹೇಳಿದೆ.

ಕನ್ನಡದ ‘ಎಂದು’ ಎಂಬುದು ‘ಇತಿ’ಯ ಸ್ಥಾನದಲ್ಲಿಯೇ ನಿಂತಿದೆ, ಆದರೆ ಅದು ಅವ್ಯಯವಾಗಿ ಹುಟ್ಟಿದುದಲ್ಲ, ‘ಎನ್’ ಎಂಬ ಧಾತುವಿನ ಭೂತನ್ಯೂನ. ಕುಮಾರವ್ಯಾಸನ ಭಾರತವನ್ನು ಗಮಕಿಗಳ ಬಾಯಿಂದ ಕೇಳಿದವರಿಗೆ ‘ಎಂದ’, ‘ಎನಲು’ ಎಂಬ ಪದಗಳು ಎಷ್ಟು ಜನರ ಮಾತುಗಳನ್ನು ಗೊಂದಲವಿಲ್ಲದೆ ಬೇರ್ಪಡಿಸಿಡುತ್ತವೆಂಬುದು ತಿಳಿದಿದೆ. ಕಿವಿಗೆ ಉದ್ಧರಣಚಿಹ್ನೆ ಕಾಣದು, ‘ಎಂದ’ ಕೇಳುತ್ತದೆ.

ಇನ್ನು ಲ್ಯಾಟಿನ್ ಭಾಷೆಗೆ ಬರೋಣ. ರೋಮಿನವರು ಪರೋಕ್ಷೋಕ್ತಿಯನ್ನು ‘ಒರಾಷಿಯೋ ಒಬ್ಲೀಕ್ವಾ’, ಎಂದರೆ ಓರೆಯಾದ ಮಾತು, ಎಂದು ಕರೆದರು. ಅದರಲ್ಲಿ ಪ್ರಧಾನವಾಕ್ಯದ ಕರ್ತೃವು ದ್ವಿತೀಯಾವಿಭಕ್ತಿಗೆ ಇಳಿಯುತ್ತದೆ. ಕ್ರಿಯಾಪದವು ನಮ್ಮ ತುಮುನ್ನಂತದಂತಹ ಭಾವರೂಪವನ್ನು ತಾಳುತ್ತದೆ. ಅಧೀನವಾಕ್ಯಗಳ ಕ್ರಿಯೆಗಳೆಲ್ಲ ಸಂಶಯಾರ್ಥದ ರೂಪಕ್ಕೆ ತಿರುಗುತ್ತವೆ. ‘ಈಗ’ ಎಂಬುದು ‘ಆಗ’, ‘ಇವನು’ ಎಂಬುದು ‘ಅವನು’ ಆಗುತ್ತದೆ. ಹೇಳುವ ಕ್ರಿಯೆಯು ಭೂತಕಾಲದಲ್ಲಿದ್ದರೆ ಅಧೀನಕ್ರಿಯೆಗಳೂ ಅದನ್ನು ಅನುಸರಿಸಿ ಹಿಂದಕ್ಕೆ ಸರಿಯಬೇಕು. ನಮ್ಮ ಶಾಲಾವ್ಯಾಕರಣಗಳಲ್ಲಿ ಮಕ್ಕಳು ಉರುಹೊಡೆಯುವ ಪಟ್ಟಿಯು ಇದರ ಪ್ರತಿಬಿಂಬದಂತೆ ತೋರುವುದು ಆಶ್ಚರ್ಯವಲ್ಲ.

ಈ ಓರೆಮಾತನ್ನು ರಾಜ್ಯತಂತ್ರಕ್ಕೆ ಬಳಸಿದವರಲ್ಲಿ ಜೂಲಿಯಸ್ ಸೀಸರನು ಅಗ್ರಗಣ್ಯ. ಗಾಲ್ ದೇಶದ ಯುದ್ಧಗಳನ್ನು ಕುರಿತು ಅವನು ಬರೆದ ಗ್ರಂಥದಲ್ಲಿ ತನ್ನನ್ನೇ ‘ಸೀಸರನು’ ಎಂದು ಪ್ರಥಮಪುರುಷದಲ್ಲಿ ಹೇಳಿಕೊಳ್ಳುತ್ತಾನೆ. ಕ್ರಿ. ಪೂ. 58ರಲ್ಲಿ ಹೆಲ್ವೇಷಿಯರ ಮುಖಂಡ ಡಿವಿಕೋ ಬಂದು ಸವಾಲು ಹಾಕಿದುದು, ಅದೇ ವರ್ಷ ಜರ್ಮನರ ದೊರೆ ಆರಿಯೋವಿಸ್ಟಸನು ಗರ್ವದಿಂದ ಉತ್ತರ ಕೊಟ್ಟುದು, ಎರಡೂ ಪರೋಕ್ಷೋಕ್ತಿಯಲ್ಲಿಯೇ ಬರುತ್ತವೆ. ಶತ್ರುವಿನ ಕೋಪವು ಸೀಸರನ ಲೇಖನಿಯಲ್ಲಿ ತಣ್ಣಗಾಗಿ, ಕಡತದಲ್ಲಿನ ಟಿಪ್ಪಣಿಯಂತೆ ಓದಿಸಿಕೊಳ್ಳುತ್ತದೆ. ಪ್ರತ್ಯಕ್ಷೋಕ್ತಿಯನ್ನು ಅವನು ಲೋಭಿಯು ಹಣ ಬಿಚ್ಚಿದಂತೆ ಬಿಚ್ಚುತ್ತಾನೆ. ಕ್ರಿ. ಪೂ. 55ರಲ್ಲಿ ಬ್ರಿಟನ್ನಿನ ದಡದಲ್ಲಿ ನೀರಿಗಿಳಿಯಲು ಸೈನಿಕರು ಹಿಂಜರಿದಾಗ, ಹತ್ತನೆಯ ದಳದ ಧ್ವಜಧಾರಿಯು ಕೂಗಿ ಹುರಿದುಂಬಿಸಿದ ಮಾತು ಅವನ ಮಾತಾಗಿಯೇ ಉಳಿದಿದೆ. ದೀರ್ಘವಾದ ಪ್ರತ್ಯಕ್ಷಭಾಷಣವೆಂದರೆ ಏಳನೆಯ ಪುಸ್ತಕದ ಕ್ರಿಟೊಗ್ನಾಟಸನದು. ಕ್ರಿ. ಪೂ. 52ರಲ್ಲಿ ಅಲೇಸಿಯಾ ದುರ್ಗವು ಮುತ್ತಿಗೆಗೆ ಸಿಕ್ಕಿ ಧಾನ್ಯ ತೀರಿದಾಗ, ಯುದ್ಧಕ್ಕೆ ಅಸಮರ್ಥರಾದವರ ಮಾಂಸವನ್ನು ತಿಂದಾದರೂ ಕಾದಾಡೋಣ ಎಂದು ಈತನು ಸಲಹೆ ಕೊಟ್ಟನಂತೆ. ಅದರ ಕ್ರೌರ್ಯಕ್ಕಾಗಿಯೇ ಅದನ್ನು ಬಿಡಲಾಗದೆಂದು ಸೀಸರನು ಮುನ್ನುಡಿ ಹಾಕುತ್ತಾನೆ. ವಿಚಿತ್ರವೆಂದರೆ, ರೋಮಿನ ದಾಸ್ಯವನ್ನು ಖಂಡಿಸುವ ಬಿರುನುಡಿಗಳು ಆ ಭಾಷಣದಲ್ಲಿಯೇ ಇವೆ. ಸೀಸರನು ಮುತ್ತಿಗೆಯ ಹೊರಗಿದ್ದನು. ಒಳಗೆ ನಡೆದ ಸಭೆಯ ಮಾತು ಅವನ ಕಿವಿಗೆ ಬಿದ್ದಿರಲಾರದು. ಆಡಿದ ಮಾತಿಗೆ ಉದ್ಧರಣದ ಉಡುಪು ತೊಡಿಸಿದಮಾತ್ರಕ್ಕೆ ಅದು ಆಡಿದಂತೆಯೇ ಇದೆಯೆಂದು ನಂಬಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ಇಂಗ್ಲೆಂಡಿನ ಹುಡುಗರು ಶತಮಾನಗಳ ಕಾಲ ಲ್ಯಾಟಿನ್ ಗದ್ಯವನ್ನು ಕಲಿತುದು ಈ ಸೀಸರನ ಗ್ರಂಥದಿಂದ. ಹಾಗೆಂದು ಇಂಗ್ಲಿಷಿನ ಪರೋಕ್ಷೋಕ್ತಿಯೆಲ್ಲವೂ ಸಾಲದ ಸೊತ್ತೆಂದು ಹೇಳುವುದು ನ್ಯಾಯವಲ್ಲ. ಆಲ್‌ಫ್ರೆಡ್ ದೊರೆಯ (ಕ್ರಿ. ಶ. 871–899) ಕಾಲದ ಹಳೆಯ ಇಂಗ್ಲಿಷಿನಲ್ಲಿ, ನಾರ್ವೆಯ ನಾವಿಕ ಓಥೆರನು ದೊರೆಯ ಮುಂದೆ ಮಾಡಿದ ನಿವೇದನೆಯು ಪರೋಕ್ಷೋಕ್ತಿಯಲ್ಲಿಯೇ ಬರೆದಿಡಲ್ಪಟ್ಟಿದೆ. ಆಗ ವರದಿಯ ಮಾತಿಗೆ ಕ್ರಿಯಾಪದದ ಸಂಶಯಾರ್ಥರೂಪವನ್ನು ಬಳಸುವ ರೂಢಿಯಿತ್ತು. ಹೇಳಿದವನು ಹೀಗೆನ್ನುತ್ತಾನೆ, ಹೊಣೆ ನನ್ನದಲ್ಲ ಎಂಬ ಧ್ವನಿ ಅದರಲ್ಲಿರುತ್ತದೆ. ಜರ್ಮನ್ ಪತ್ರಿಕೆಗಳು ಇಂದಿಗೂ ಆ ರೂಢಿಯನ್ನು ಪಾಲಿಸುತ್ತಿವೆ. ಇಂಗ್ಲಿಷಿನಲ್ಲಿ ಆ ರೂಪಗಳು ಸವೆದುಹೋದವು. ಕಾಲವನ್ನು ಹಿಂದಕ್ಕೆ ಸರಿಸುವುದೊಂದೇ ಉಳಿಯಿತು. ಪದ್ಧತಿ ಮನೆಯದು, ಅದನ್ನು ನಿಯಮಗಳ ಪಟ್ಟಿಯಾಗಿ ಕಟ್ಟಿದವರು ಮಾತ್ರ ಲ್ಯಾಟಿನ್ ಓದಿದ ಪಂಡಿತರು. 1586ರಲ್ಲಿ ವಿಲಿಯಂ ಬುಲ್ಲೋಕರನು ಪ್ರಕಟಿಸಿದ ಮೊದಲ ಇಂಗ್ಲಿಷು ವ್ಯಾಕರಣವೇ ಲಿಲಿಯ ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲಿ ಎರಕವಾದುದು.

ಚಿಹ್ನೆಗಳ ಕಥೆ ಬೇರೆ. 1611ರ ಇಂಗ್ಲಿಷು ಬೈಬಲಿನಲ್ಲಿ ಉದ್ಧರಣಚಿಹ್ನೆಗಳೇ ಇಲ್ಲ. ಮಾತಿನ ಆರಂಭವನ್ನು ದೊಡ್ಡ ಅಕ್ಷರದಿಂದ ಸೂಚಿಸಿ ಬಿಟ್ಟಿದ್ದಾರೆ. ಮೂಲವಾದ ಗ್ರೀಕಿನಲ್ಲಿಯೂ ಚಿಹ್ನೆಗಳಿರಲಿಲ್ಲ. ಗ್ರೀಕಿನಲ್ಲಿ ‘ಹೋಟಿ’ ಎಂಬ ಪದವು ಪ್ರತ್ಯಕ್ಷೋಕ್ತಿಯ ಮುಂದೆಯೂ ಬರುವುದುಂಟು. ಅಷ್ಟರಮಟ್ಟಿಗೆ ಅದು ನಮ್ಮ ‘ಇತಿ’ಯ ಬಂಧು. ಆದರೆ ‘ಹೋಟಿ’ ಮಾತಿನ ಬಾಗಿಲಲ್ಲಿ ನಿಲ್ಲುತ್ತದೆ, ‘ಇತಿ’ ಹಿತ್ತಿಲಲ್ಲಿ. ಮೊದಲನೆಯದರಿಂದ ಮಾತು ಎಲ್ಲಿ ಆರಂಭವಾಯಿತೆಂದು ತಿಳಿಯುತ್ತದೆ, ಎಲ್ಲಿ ಮುಗಿಯಿತೆಂದು ತಿಳಿಯದು. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಏಸುವು ನಿಕೊದೇಮನಿಗೆ ಹೇಳುವ ಮಾತು 15ನೆಯ ವಚನಕ್ಕೆ ಮುಗಿಯಿತೋ, 21ನೆಯದರವರೆಗೆ ನಡೆಯಿತೋ ಎಂಬ ವಿಷಯದಲ್ಲಿ ಈಗಿನ ಭಾಷಾಂತರಕಾರರಲ್ಲಿ ಒಮ್ಮತವಿಲ್ಲ. ಕ್ರೈಸ್ತರಿಗೆ ಅತ್ಯಂತ ಪ್ರಿಯವಾದ 16ನೆಯ ವಚನವು ಗುರುವಿನ ನುಡಿಯೋ ಸುವಾರ್ತಾಕಾರನ ವ್ಯಾಖ್ಯಾನವೋ ಎಂಬುದು ಒಂದು ಜೊತೆ ಅಲ್ಪವಿರಾಮದಂತಹ ಗುರುತುಗಳನ್ನು ಎಲ್ಲಿ ಇಡುವೆವೆಂಬುದನ್ನು ಅವಲಂಬಿಸಿದೆ. ಅಲ್ಲಿ ಒಂದು ‘ಇತಿ’ ಇದ್ದಿದ್ದರೆ! ನಮ್ಮ ‘ಇತಿ’ಗೂ ಕೊರತೆಯಿಲ್ಲದೆ ಇಲ್ಲ, ಮಾತು ಎಲ್ಲಿ ಆರಂಭವಾಯಿತೆಂಬುದನ್ನು ಹುಡುಕಲು ವ್ಯಾಖ್ಯಾನಕಾರರು ಎಷ್ಟೋ ಸಲ ಹೆಣಗಿದ್ದಾರೆ.

ಪರೋಕ್ಷೋಕ್ತಿಗೆ ರಾಜಕೀಯ ಪ್ರಾಮುಖ್ಯ ಬಂದುದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ. ಸಭೆಯ ಚರ್ಚೆಗಳನ್ನು ಅಚ್ಚುಹಾಕುವುದು ಹಕ್ಕುಚ್ಯುತಿಯೆಂದು ಕಾಮನ್ಸ್ ಸಭೆಯು 1738ರಲ್ಲಿ ನಿರ್ಣಯಿಸಿತು. ‘ಜಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಮಾಸಪತ್ರಿಕೆಯವರು ಅವನ್ನು ಲಿಲಿಪುಟ್ ದೇಶದ ಸೆನೆಟಿನ ಚರ್ಚೆಗಳೆಂದು ಸೋಗು ಹಾಕಿಸಿ ಪ್ರಕಟಿಸತೊಡಗಿದರು. 1741ರಿಂದ 1744ರವರೆಗೆ ಅವನ್ನು ಬರೆದವನು ನಿಘಂಟುಕಾರ ಸ್ಯಾಮ್ಯುಯಲ್ ಜಾನ್ಸನ್. ಇತರರು ತಂದ ಅಲ್ಪಸ್ವಲ್ಪ ಟಿಪ್ಪಣಿಗಳ ಆಧಾರದಿಂದ, ತಾನು ಕೇಳದ ಭಾಷಣಗಳನ್ನು ಉತ್ತಮಪುರುಷದಲ್ಲಿ ರಚಿಸಿ ಸಭಾಸದರ ಬಾಯಲ್ಲಿ ಇಟ್ಟನು. ಜನರು ಅವು ನಿಜವಾದ ಭಾಷಣಗಳೆಂದು ನಂಬುತ್ತಿರುವರೆಂದು ತಿಳಿದಾಗ ಅವನಿಗೇ ಸಂಕೋಚವಾಯಿತು. ಪತ್ರಿಕೆಗಳ ವರದಿಗಳಿಗೆ ತಡೆ ಸಡಿಲವಾದುದು 1771ರ ಕಲಹದ ತರುವಾಯ. 1803ರಲ್ಲಿ ಕಾಬೆಟ್ ಆರಂಭಿಸಿ, 1812ರಲ್ಲಿ ಹ್ಯಾನ್ಸರ್ಡ್ ವಶಕ್ಕೆ ಬಂದ ಚರ್ಚಾಮಾಲಿಕೆಯಲ್ಲಿ ಭಾಷಣಗಳು ಬಹುಪಾಲು ಪ್ರಥಮಪುರುಷ, ಭೂತಕಾಲಗಳಲ್ಲಿ ಸಂಕ್ಷೇಪವಾಗಿ ಬರುತ್ತಿದ್ದವು: ಮಾನ್ಯ ಸದಸ್ಯರು ಹೀಗೆ ಅಭಿಪ್ರಾಯಪಟ್ಟರು, ಹಾಗೆ ವಿರೋಧಿಸಿದರು, ಎಂದು. 1909ರಲ್ಲಿ ಸಭೆಯು ತನ್ನ ಸಿಬ್ಬಂದಿಯಿಂದಲೇ ವರದಿಯನ್ನು ಬರೆಯಿಸತೊಡಗಿದ ಮೇಲೆ, ಭಾಷಣಗಳು ಆಡಿದವರ ‘ನಾನು’ ಎಂಬ ಪದದೊಡನೆ ಅಚ್ಚಾದವು. ಒಂದು ಸರ್ವನಾಮವು ಸ್ವಸ್ಥಾನಕ್ಕೆ ಮರಳಲು ನೂರು ವರ್ಷಕ್ಕೂ ಮಿಗಿಲಾಗಿ ಹಿಡಿಯಿತು.

ನಮ್ಮ ದೇಶಕ್ಕೆ ಈ ಪಾಠವು ಬಂದುದು ಪರೀಕ್ಷೆಗಳ ಹೆಗಲೇರಿ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸು ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದ ಮೇಲೆ ಸಾವಿರಾರು ಉತ್ತರಪತ್ರಿಕೆಗಳನ್ನು ತಿದ್ದಬೇಕಾಗಿ ಬಂದಿತು. ಸರಿ, ತಪ್ಪು ಎಂದು ಕ್ಷಣದಲ್ಲಿ ಹೇಳಬಹುದಾದ ಪ್ರಶ್ನೆಗಳಿಗೆ ಬೆಲೆ ಹೆಚ್ಚಿತು. ವಾಯವ್ಯ ಪ್ರಾಂತ ಹಾಗೂ ಔಧದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ನೆಸ್‌ಫೀಲ್ಡನ ವ್ಯಾಕರಣಗಳು (ಅವುಗಳಲ್ಲೊಂದು 1898ರದು) ಹಿಂದಿನ ತಲೆಮಾರುಗಳನ್ನು ಆಳಿದವು. 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನರ ಪುಸ್ತಕವು ಆ ಪೀಠವನ್ನೇರಿ ಇಂದಿಗೂ ಇಳಿದಿಲ್ಲ. ಈ ರೆನ್ ಮಹಾಶಯನು ಮುಂಬಯಿ ಆಧಿಪತ್ಯದ ವಿದ್ಯಾ ಇಲಾಖೆಯಲ್ಲಿದ್ದವನು. 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸಕಾದಂಬರಿಯನ್ನು ಬರೆದು ಪ್ರಖ್ಯಾತನಾದವನೂ ಅವನೇ. ಕಾದಂಬರಿಯ ಪಾತ್ರಗಳಿಗೆ ಧಾರಾಳವಾಗಿ ಪ್ರತ್ಯಕ್ಷೋಕ್ತಿಯನ್ನು ಕೊಟ್ಟವನ ಹೆಸರು ನಮ್ಮ ಮಕ್ಕಳಿಗೆ ಪರೋಕ್ಷೋಕ್ತಿಯ ದಂಡಧರನದಾಗಿ ಉಳಿದುದು ವಿನೋದದ ಸಂಗತಿ.

ಪಟ್ಟಿಯಲ್ಲಿ ಹೇಳದೆ ಉಳಿದ ಮಾತೊಂದಿದೆ. ‘ಟುಮಾರೋ’ ಎಂಬುದು ‘ದಿ ನೆಕ್ಸ್ಟ್ ಡೇ’ ಆಗುವುದು ವರದಿಯು ಬೇರೊಂದು ದಿನ ನಡೆದಾಗ. ಅದೇ ದಿನ ಹೇಳಿದರೆ ನಾಳೆಯು ನಾಳೆಯೇ. ‘ಹಿಯರ್’ ಎಂಬುದು ‘ದೇರ್’ ಆಗುವುದು ಹೇಳುವವನು ಬೇರೆ ಸ್ಥಳದಲ್ಲಿದ್ದಾಗ. ಯಾರು, ಯಾರಿಗೆ, ಎಲ್ಲಿ, ಯಾವಾಗ ಹೇಳುತ್ತಿದ್ದಾರೆಂಬುದನ್ನು ತಿಳಿಸದೆ ಒಂಟಿ ವಾಕ್ಯವನ್ನು ಕೊಟ್ಟು ಮಾರ್ಪಡಿಸೆಂದರೆ, ಆ ಪ್ರಶ್ನೆಗೆ ನಿಜವಾಗಿ ಒಂದೇ ಉತ್ತರವಿರುವುದಿಲ್ಲ. ಮಕ್ಕಳು ತಡವರಿಸುವಾಗ ಅವರ ಬುದ್ಧಿಯು ಕೆಲಸಮಾಡುತ್ತಿರುವ ಸಂಭವವೇ ಹೆಚ್ಚು.

ಕನ್ನಡಕ್ಕೆ ಪರೋಕ್ಷೋಕ್ತಿಯು ತಿಳಿಯದೆಂದೂ ಭಾವಿಸಬಾರದು. ‘ರಾಮನು ನಾನು ಬರುತ್ತೇನೆ ಎಂದು ಹೇಳಿದನು’ ಎಂಬಲ್ಲಿ ಬರುವವನು ರಾಮನೋ, ಈ ವಾಕ್ಯವನ್ನು ಹೇಳುತ್ತಿರುವವನೋ ಎಂಬ ಸಂದೇಹಕ್ಕೆ ಎಡೆಯುಂಟು. ‘ರಾಮನು ತಾನು ಬರುತ್ತೇನೆಂದು ಹೇಳಿದನು’ ಎಂದರೆ ಸಂದೇಹ ಹೋಯಿತು. ಸೂಕ್ಷ್ಮವನ್ನು ಗಮನಿಸಬೇಕು: ಸರ್ವನಾಮವು ‘ತಾನು’ ಎಂದು ಪರೋಕ್ಷಕ್ಕೆ ಸರಿಯಿತು, ‘ಬರುತ್ತೇನೆ’ ಎಂಬ ಕ್ರಿಯೆಯು ಉತ್ತಮಪುರುಷದಲ್ಲಿಯೇ ನಿಂತಿತು. ಅರ್ಧ ವಾಕ್ಯ ಹೇಳಿದವನದು, ಅರ್ಧ ಆಡಿದವನದು. ಇನ್ನೂ ಒಂದು ಹೆಜ್ಜೆ ಹೋಗಿ ‘ತಾನು ಬರುವುದಾಗಿ ಹೇಳಿದನು’ ಎಂದರೆ ಕ್ರಿಯೆಯೂ ಪುರುಷವನ್ನು ಕಳಚಿಕೊಂಡು ಭಾವನಾಮವಾಗುತ್ತದೆ. ಕಾಲವನ್ನು ಹಿಂದಕ್ಕೆ ಸರಿಸುವ ತೊಡಕೇ ಇಲ್ಲ. ಇಂಗ್ಲಿಷಿನ ಪಾಠವನ್ನು ಆರಂಭಿಸುವ ಉಪಾಧ್ಯಾಯರು ಈ ಮೂರು ಕನ್ನಡ ವಾಕ್ಯಗಳನ್ನು ಮೊದಲು ಹಲಗೆಯ ಮೇಲೆ ಬರೆದು, ಮಕ್ಕಳಿಂದಲೇ ಅವುಗಳ ಭೇದವನ್ನು ಹೇಳಿಸುವುದಾದರೆ, ಉಳಿದುದಕ್ಕೆ ಎರಡು ದಿನದ ಪಾಠ ಸಾಕು.