ವನ್ಯಭೂದೃಶ್ಯ ಛಾಯಾಗ್ರಹಣದ ಚರಿತ್ರೆ

ಉಳುಮೆ, ಕಟ್ಟಡ, ರಸ್ತೆಗಳಿಂದ ದೂರ ಉಳಿದ ಬೆಟ್ಟ, ಕಣಿವೆ, ನದಿ, ಕಾಡುಗಳನ್ನೇ ವಸ್ತುವಾಗಿ ಉಳ್ಳ ಛಾಯಾಗ್ರಹಣದ ಶಾಖೆ ಇದು. ಪ್ರಾಣಿಪಕ್ಷಿಗಳ ಬೆನ್ನು ಹತ್ತುವ ವನ್ಯಜೀವಿ ಛಾಯಾಗ್ರಹಣಕ್ಕಿಂತ ಬೇರೆ. ಇಲ್ಲಿ ನೆಲವೇ ನಾಯಕ. ಇದರ ಚರಿತ್ರೆಯನ್ನು ಕ್ಯಾಮೆರಾಗಳ ಬೆಳವಣಿಗೆಯಾಗಿ, ಇಲ್ಲವೆ ಕೆಲವು ಮಹಾ ಕಲಾವಿದರ ಸಾಲಾಗಿ ಬರೆಯುವುದು ರೂಢಿ. ಆದರೆ ಹುಟ್ಟಿದಾಗಿನಿಂದ ಈ ಚಿತ್ರಗಳು ಮಾಡುತ್ತ ಬಂದ ಮುಖ್ಯ ಕೆಲಸ ಸಾಕ್ಷಿ ಹೇಳುವುದು. ಒಂದು ಕಣಿವೆಯನ್ನು ಕಾಯಬೇಕೋ ಮುಳುಗಿಸಬೇಕೋ ಎಂದು ತೀರ್ಮಾನಿಸುವವರಲ್ಲಿ ಬಹುಪಾಲು ಜನ ಅದನ್ನು ಕಣ್ಣಾರೆ ಕಂಡವರಲ್ಲ. ಅವರ ಮೇಜಿನ ಮೇಲಿದ್ದದ್ದು ಚಿತ್ರ. ಹಾಗಾಗಿ ಚೌಕಟ್ಟಿನೊಳಗೆ ಬಂದದ್ದು ಕಾನೂನಿನೊಳಗೂ ಬಂತು, ಚೌಕಟ್ಟಿನಿಂದ ಹೊರಗುಳಿದದ್ದು ಕಾನೂನಿನ ಕಣ್ಣಿಗೂ ಬೀಳಲಿಲ್ಲ. ಈ ಶಾಖೆಯ ಹಿರಿಮೆಯೂ ಅದು ಮಾಡಿದ ಅನ್ಯಾಯವೂ ಇದೊಂದೇ ಬೇರಿನಿಂದ ಹುಟ್ಟಿದವು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಯೊಸೆಮಿಟಿ ಕಣಿವೆಗೆ 1859ರಲ್ಲಿ ಚಾರ್ಲ್ಸ್ ವೀಡ್ ಮೊದಲು ಕ್ಯಾಮೆರಾ ಒಯ್ದ. ಆದರೆ ಅದನ್ನು ಜಗತ್ತಿಗೆ ತೋರಿಸಿದವನು 1861ರಲ್ಲಿ ಅಲ್ಲಿಗೆ ಹೋದ ಕಾರ್ಲ್‌ಟನ್ ವಾಟ್ಕಿನ್ಸ್. ಚಿತ್ರವನ್ನು ಹಿಗ್ಗಿಸಿ ಮುದ್ರಿಸುವ ಅನುಕೂಲ ಆಗ ಇರಲಿಲ್ಲ. ದೊಡ್ಡ ಚಿತ್ರ ಬೇಕೆಂದರೆ ಅಷ್ಟೇ ದೊಡ್ಡ ಗಾಜಿನ ಫಲಕ ಬೇಕು. ವಾಟ್ಕಿನ್ಸ್ ಮಾಡಿಸಿಕೊಂಡ ಕ್ಯಾಮೆರಾದ ಫಲಕದ ಅಳತೆ 18×22 ಅಂಗುಲ. ಕ್ಯಾಮೆರಾ, ಗಾಜು, ರಾಸಾಯನಿಕ, ಕತ್ತಲೆ ಗುಡಾರ ಎಲ್ಲವನ್ನೂ ಹೇಸರಗತ್ತೆಗಳ ಬೆನ್ನ ಮೇಲೆ ಸಾಗಿಸಬೇಕಿತ್ತು. ಗುಡಾರದೊಳಗೆ ಗಾಜಿಗೆ ಅಂಟಾದ ಕೊಲೋಡಿಯನ್ ಸುರಿದು, ಎಲ್ಲ ಅಂಚಿಗೂ ಸಮನಾಗಿ ಹರಿಯುವಂತೆ ಕೈಯಲ್ಲಿ ಓಲಾಡಿಸಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಒದ್ದೆ ಆರುವ ಮುನ್ನ ಚಿತ್ರ ತೆಗೆದು, ಅಲ್ಲೇ ತೊಳೆದು ಮುಗಿಸಬೇಕು. ಒಂದು ದೂಳಿನ ಕಣ ಕುಳಿತರೂ ಶ್ರಮವೆಲ್ಲ ನೀರುಪಾಲು. ಆ ಫಲಕ ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶ ಖಾಲಿ ಬಿಳುಪಾಗಿ ಮೂಡುತ್ತಿತ್ತು. ಬೆಳಕಿಗೆ ಬಹಳ ಹೊತ್ತು ಒಡ್ಡಬೇಕಾದ್ದರಿಂದ ಜಲಪಾತ ಹತ್ತಿಯ ಎಳೆಯಂತೆ ಕಾಣುತ್ತಿತ್ತು. ಇಂದು ವನ್ಯಭೂದೃಶ್ಯದ ಲಕ್ಷಣವೆಂದು ನಾವು ಮೆಚ್ಚುವ ಆ ನಿಶ್ಚಲ ಮೌನದಲ್ಲಿ ಅರ್ಧ ಭಾಗ ರಸಾಯನದ ಕೊಡುಗೆ. ಯೊಸೆಮಿಟಿಯನ್ನು ಕಾಯ್ದಿಡಬೇಕೆಂದು 1864ರಲ್ಲಿ ಕ್ಯಾಲಿಫೋರ್ನಿಯಾದ ಸೆನೆಟರ್ ಜಾನ್ ಕಾನೆಸ್‌ಗೆ ಹೋದ ಪತ್ರದ ಜೊತೆ ಕಣಿವೆಯ ಫೋಟೋಗಳೂ ಹೋದವು. ಅದೇ ವರ್ಷ ಜೂನ್ 30ರಂದು, ಅಂತರ್ಯುದ್ಧದ ನಡುವೆಯೇ, ಅಧ್ಯಕ್ಷ ಲಿಂಕನ್ ಕಣಿವೆಯನ್ನು ಕಾಯ್ದಿಡುವ ಮಸೂದೆಗೆ ಸಹಿ ಹಾಕಿದರು.

ಯೆಲ್ಲೋಸ್ಟೋನ್‌ನ ಕಥೆಯೂ ಹೀಗೆಯೇ. ಅಲ್ಲಿನ ಬಿಸಿನೀರ ಬುಗ್ಗೆಗಳ ಬಗ್ಗೆ ಬೇಟೆಗಾರರು ಹೇಳುತ್ತಿದ್ದುದನ್ನು ಪೂರ್ವದ ನಗರಗಳಲ್ಲಿ ಹಲವರು ಕಟ್ಟುಕಥೆ ಎಂದೇ ತಳ್ಳಿಹಾಕಿದ್ದರು. 1871ರಲ್ಲಿ ಫರ್ಡಿನೆಂಡ್ ಹೇಡನ್ ನೇತೃತ್ವದ ಸರ್ವೇಕ್ಷಣ ತಂಡದೊಂದಿಗೆ ಹೋದ ವಿಲಿಯಂ ಹೆನ್ರಿ ಜಾಕ್ಸನ್ ತೆಗೆದ ಚಿತ್ರಗಳನ್ನು ಶಾಸಕರಿಗೆ ತೋರಿಸಲಾಯಿತು. 1872ರ ಮಾರ್ಚ್ 1ರಂದು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು. ಇದಕ್ಕೆ ಫೋಟೋಗಳಿಗಿಂತ ರೈಲ್ವೆಯ ಲಾಭದಾಸೆ ಕಾರಣ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ: ಉದ್ಯಾನದ ಸಲಹೆಯನ್ನು ಹೇಡನ್‌ಗೆ ಕೊಟ್ಟದ್ದೇ ನಾರ್ದರ್ನ್ ಪೆಸಿಫಿಕ್ ರೈಲ್ವೆಗೆ ಹಣ ಹೊಂದಿಸುತ್ತಿದ್ದ ಜೇ ಕುಕ್ ಸಂಸ್ಥೆಯವರು. ತಂಡದಲ್ಲಿದ್ದ ಥಾಮಸ್ ಮೊರಾನ್‌ನ ವರ್ಣಚಿತ್ರಗಳೂ ಶಾಸಕರ ಮನಸ್ಸನ್ನು ಸೆಳೆದವು. ಆದರೆ ಲಾಭದ ಆಸೆ ಇದ್ದವನ ಮಾತನ್ನು, ಬಣ್ಣ ಬಳಿಯುವವನ ಕೈಯನ್ನು ಅನುಮಾನಿಸಬಹುದು. ಗಾಜಿನ ಮೇಲೆ ಬೆಳಕೇ ಬರೆದದ್ದನ್ನು ಆ ಕಾಲ ಅನುಮಾನಿಸಲಿಲ್ಲ. ಉದ್ದೇಶ ಯಾರದ್ದೇ ಇರಲಿ, ನಂಬಿಕೆ ಹುಟ್ಟಿಸಿದ್ದು ಫೋಟೋ. ಆ ನಂಬಿಕೆಯನ್ನು ಎದುರಾಳಿಗಳೂ ಬಳಸಿದರು ಎಂಬುದೇ ಇದಕ್ಕೆ ಪುರಾವೆ. ಯೊಸೆಮಿಟಿ ಉದ್ಯಾನದೊಳಗಿನ ಹೆಚ್ ಹೆಚಿ ಕಣಿವೆಗೆ ಅಣೆಕಟ್ಟು ಬೇಕೆಂದು ವಾದಿಸಿದ 1912ರ ಎಂಜಿನಿಯರಿಂಗ್ ವರದಿಯಲ್ಲಿ, ಕಣಿವೆಯ ತಳವನ್ನೆಲ್ಲ ತಿಳಿನೀರಿನ ಸರೋವರವಾಗಿ ತಿದ್ದಿದ ಫೋಟೋಗಳಿದ್ದವು. ಮರುವರ್ಷ ಅಣೆಕಟ್ಟಿಗೆ ಅನುಮತಿ ಸಿಕ್ಕಿತು.

ಇನ್ನು ಹೊರಗುಳಿದವರ ಮಾತು. ವಾಟ್ಕಿನ್ಸ್ ಬರುವುದಕ್ಕೆ ಹತ್ತು ವರ್ಷ ಮೊದಲು, 1851ರಲ್ಲಿ, ಮಾರಿಪೋಸಾ ಪಡೆ ಯೊಸೆಮಿಟಿಗೆ ನುಗ್ಗಿ ಅಲ್ಲಿನ ಅಹ್ವಾನೀಚಿ ಜನರ ಆಹಾರದ ದಾಸ್ತಾನನ್ನು ಸುಟ್ಟು ಅವರನ್ನು ಓಡಿಸಿತ್ತು. ಕೆಲವರು ಮರಳಿ ಬಂದು ಅಲ್ಲೇ ಬದುಕಿದರು. ಆದರೂ ವಾಟ್ಕಿನ್ಸ್‌ನ ಚಿತ್ರಗಳಲ್ಲಿ ಕಣಿವೆ ಸೃಷ್ಟಿಯ ಮೊದಲ ದಿನದಂತೆ ಬರಿದಾಗಿದೆ. ದೀರ್ಘಕಾಲ ಬೆಳಕಿಗೆ ಒಡ್ಡುವ ಫಲಕದಲ್ಲಿ ಓಡಾಡುವ ಜನ ಮೂಡುತ್ತಿರಲಿಲ್ಲ, ಇದು ಯಂತ್ರದ ಮಿತಿ ಎಂದು ಸಮರ್ಥಿಸುವವರಿದ್ದಾರೆ. ಜಾಕ್ಸನ್‌ನ ಕೆಲಸವೇ ಇದಕ್ಕೆ ಉತ್ತರ. ಅದೇ ಬಗೆಯ ಫಲಕಗಳಲ್ಲಿ ಅವನು ಮೂಲನಿವಾಸಿಗಳ ಚಿತ್ರಗಳನ್ನೂ ಬೇಕಾದಷ್ಟು ತೆಗೆದ. ಸರ್ವೇಕ್ಷಣ ಸಂಸ್ಥೆಗಾಗಿ ಅವನು ಸಿದ್ಧಪಡಿಸಿದ ಉತ್ತರ ಅಮೆರಿಕದ ಇಂಡಿಯನ್ನರ ಫೋಟೋಗಳ ವಿವರಣ ಪಟ್ಟಿ 1877ರಲ್ಲಿ ಅಚ್ಚಾಯಿತು. ಜನ ಒಂದು ಪಟ್ಟಿಗೆ ಹೋದರು, ನೆಲ ಇನ್ನೊಂದಕ್ಕೆ. ಇದು ಯಂತ್ರದ ಮಿತಿಯಲ್ಲ, ವಿಂಗಡಣೆ. ಯೊಸೆಮಿಟಿಯ ಮೂಲನಿವಾಸಿಗಳ ಕೊನೆಯ ಹಳ್ಳಿಯನ್ನು ಉದ್ಯಾನದ ಆಡಳಿತ 1969ರಲ್ಲಿ ನೆಲಸಮ ಮಾಡಿತು. ಜನರಿಲ್ಲದ ಕಾಡೇ ನಿಜವಾದ ಕಾಡು ಎಂಬ ಈ ಕಲ್ಪನೆ ಉದ್ಯಾನಗಳ ಜೊತೆ ನಮ್ಮಲ್ಲಿಗೂ ಬಂತು. ನಾಗರಹೊಳೆಯ ಜೇನುಕುರುಬರ ಹಾಡಿಗಳನ್ನು ಎಬ್ಬಿಸಿದ್ದರ ಹಿಂದೆ ಇದೇ ಕಲ್ಪನೆಯಿತ್ತು. ಕನ್ನಡದ ಕಾಡು ಎಂಬ ಮಾತಿನಲ್ಲಿ ಮನುಷ್ಯನಿಗೂ ಜಾಗವಿದೆ. ನಿರ್ಜನ ಎಂಬುದು ಅದರ ಅರ್ಥವಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಆನ್ಸೆಲ್ ಆಡಮ್ಸ್ ಈ ಸಾಕ್ಷಿಗೆ ದನಿಯ ಏರಿಳಿತ ತಂದುಕೊಟ್ಟ. 1927ರ ಏಪ್ರಿಲ್ 10ರಂದು ಯೊಸೆಮಿಟಿಯ ಹಾಫ್ ಡೋಮ್ ಬಂಡೆಯ ಎದುರು ನಿಂತು ಮೊದಲು ಹಳದಿ ಶೋಧಕ ಹಾಕಿ ಚಿತ್ರ ತೆಗೆದ. ಆಕಾಶ ತಾನು ಕಂಡಷ್ಟು ಗಾಢವಾಗಿ ಬರದೆಂದು ಅನ್ನಿಸಿ, ಉಳಿದಿದ್ದ ಕೊನೆಯ ಫಲಕಕ್ಕೆ ಕಡುಗೆಂಪು ಶೋಧಕ ಹಾಕಿದ. ಆಕಾಶ ಕಪ್ಪಾಯಿತು, ಬಂಡೆ ಅದರೊಳಗಿಂದ ಎದ್ದು ಬಂದಂತಾಯಿತು. ಸಾಕ್ಷಿಗೂ ಒಂದು ದೃಷ್ಟಿ ಇರುತ್ತದೆಂದು ಆಡಮ್ಸ್ ಮುಚ್ಚಿಡಲಿಲ್ಲ. ಸಿಯೆರಾ ನೆವಾಡಾ ಕುರಿತ ಅವನ 1938ರ ಪುಸ್ತಕ ಅಧ್ಯಕ್ಷ ರೂಸ್ವೆಲ್ಟರವರೆಗೆ ತಲುಪಿತು. 1940ರಲ್ಲಿ ಆ ಪರ್ವತಸಾಲಿನ ಕಿಂಗ್ಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನವಾಯಿತು. ಎಲಿಯಟ್ ಪೋರ್ಟರ್‌ನ ಸಾಕ್ಷ್ಯ ಮಾತ್ರ ತಡವಾಯಿತು: ಗ್ಲೆನ್ ಕ್ಯಾನಿಯನ್‌ನ ಬಣ್ಣದ ಚಿತ್ರಗಳ ಪುಸ್ತಕ ಹೊರಬಂದ 1963ರಲ್ಲೇ ಆ ಕಮರಿಯೊಳಗೆ ಅಣೆಕಟ್ಟಿನ ನೀರು ಏರತೊಡಗಿತ್ತು.

ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಸೋಲು ಗೆಲುವು ಒಂದರ ಬೆನ್ನಿಗೆ ಒಂದು ಬಂದವು. ಪೆಡರ್ ಸರೋವರದ ಚಿತ್ರಗಳನ್ನು ಜನರಿಗೆ ತೋರಿಸುತ್ತಿದ್ದ ಒಲೆಗಾಸ್ ಟ್ರುಚಾನಾಸ್, ಅಣೆಕಟ್ಟಿನ ನೀರಲ್ಲಿ ಸರೋವರ ಮುಳುಗಿದ 1972ರಲ್ಲೇ ಗಾರ್ಡನ್ ನದಿಯಲ್ಲಿ ಮುಳುಗಿ ತೀರಿಕೊಂಡ. ಅವನಿಂದ ಕಲಿತ ಪೀಟರ್ ಡೊಂಬ್ರೊವ್‌ಸ್ಕಿಸ್ ಫ್ರಾಂಕ್ಲಿನ್ ನದಿಯ ತಿರುವೊಂದರಲ್ಲಿ ಮುಂಜಾನೆಯ ಮಂಜನ್ನು ಸೆರೆಹಿಡಿದ. 1983ರ ಚುನಾವಣೆಯ ಹೊತ್ತಿಗೆ ಆ ಚಿತ್ರ ಆಸ್ಟ್ರೇಲಿಯಾದ ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತಾಗಿ ಬಂದು, ಆ ನದಿಯನ್ನು ಮುಳುಗಿಸಲಿದ್ದ ಅಣೆಕಟ್ಟನ್ನು ದೇಶದ ಪ್ರಶ್ನೆಯಾಗಿಸಿತು. ಅದೇ ವರ್ಷ ಜುಲೈ 1ರಂದು ದೇಶದ ಉಚ್ಚ ನ್ಯಾಯಾಲಯ 4-3ರ ಬಹುಮತದಿಂದ ಅಣೆಕಟ್ಟನ್ನು ತಡೆದ ಕೇಂದ್ರ ಸರ್ಕಾರದ ಪರ ತೀರ್ಪು ಕೊಟ್ಟಿತು. ಮನುಷ್ಯನ ಸುಳಿವಿಲ್ಲದ ಚಿತ್ರವೇ ಗೆದ್ದಿತಲ್ಲ, ಜನರನ್ನು ಸೇರಿಸಿದ್ದರೆ ಈ ಬಲ ಇರುತ್ತಿತ್ತೆ ಎಂದು ಕೇಳಬಹುದು. ಆದರೆ ನ್ಯಾಯಾಲಯದ ಮುಂದೆ ಇನ್ನೊಂದು ಸಾಕ್ಷಿಯೂ ಇತ್ತು. ಮುಳುಗಲಿದ್ದ ಅದೇ ನದಿಯ ದಂಡೆಯ ಕುಟಿಕಿನಾ ಗುಹೆಯಲ್ಲಿ 1981ರಲ್ಲಿ ಪುರಾತತ್ವಜ್ಞರು ಹಿಮಯುಗದ ಮೂಲನಿವಾಸಿಗಳ ಕಲ್ಲಿನ ಉಪಕರಣಗಳನ್ನೂ ಒಲೆಗಳ ಗುರುತನ್ನೂ ಕಂಡಿದ್ದರು. ಮಂಜು ಕವಿದ ಆ ನದಿಯ ದಂಡೆಯಲ್ಲಿ ಜನ ಬೇಟೆಯಾಡಿ, ಮಾಂಸ ಬೇಯಿಸಿ, ಚಳಿ ಕಾಯಿಸಿಕೊಂಡು ಸಾವಿರಾರು ವರ್ಷ ಬದುಕಿದ್ದರು.