ಬನ್ನಿ, ಆಮೆ, ಎರೆಭೂತ: ಮರುಭೂಮಿಯಲ್ಲಿ ಸೌರವಿದ್ಯುತ್ ಕಲಿತ ಪಾಠ

ವಿಜಯದಶಮಿಗೆ ನಾವು ಪೂಜಿಸುವ ಬನ್ನಿಮರವೇ ರಾಜಸ್ಥಾನದ ಥಾರ್ ಮರುಭೂಮಿಯ ಖೇಜ್ರಿ. ಅಲ್ಲಿ ಅದು ಪೂಜೆಗಷ್ಟೇ ಅಲ್ಲ, ಹೊಟ್ಟೆಪಾಡಿಗೂ ಬೇಕಾದ ಮರ. ಮೇಕೆ, ಒಂಟೆಗಳಿಗೆ ಅದರ ಸೊಪ್ಪೇ ಮೇವು, ಮನೆಯ ಪಲ್ಯಕ್ಕೆ ಅದರದೇ ಕಾಯಿ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಗೆ ಅರಸನ ಆಳುಗಳು ಕೊಡಲಿ ಹಿಡಿದು ಬಂದಾಗ ಅಮೃತಾದೇವಿ ಸೇರಿ 363 ಬಿಷ್ಣೋಯಿಗಳು ಈ ಮರಗಳನ್ನು ತಬ್ಬಿ ಪ್ರಾಣ ಕೊಟ್ಟರೆಂದು ಆ ಸಮುದಾಯ ಇಂದಿಗೂ ನೆನೆಯುತ್ತದೆ. ಈಚಿನ ವರ್ಷಗಳಲ್ಲಿ ಬಿಕಾನೇರ್ ಸೀಮೆಯಲ್ಲಿ ಅದೇ ಜನ ಮತ್ತೆ ಧರಣಿ ಕೂತಿದ್ದಾರೆ. ಈ ಸಲ ಖೇಜ್ರಿ ಉರುಳುತ್ತಿರುವುದು ಸೌರಫಲಕಗಳಿಗೆ ಜಾಗ ಮಾಡಿಕೊಡಲು.

ಕಲ್ಲಿದ್ದಲನ್ನು ಬಿಡಬೇಕು, ಬಿಸಿಲಿನಿಂದ ವಿದ್ಯುತ್ ಪಡೆಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಹಾಗೆಂದು ಬಿಸಿಲು ಧಾರಾಳವಾಗಿರುವ ನೆಲವೆಲ್ಲ ಖಾಲಿ ನೆಲವಲ್ಲ. ಬಿಸಿಲಿನ ವಿದ್ಯುತ್ತು, ಆ ನೆಲದ ಬದುಕು ಎರಡನ್ನೂ ಒಟ್ಟಿಗೆ ಕಾಪಾಡುವುದು ಹೇಗೆಂದು ನಾಲ್ಕು ದಶಕಗಳಿಂದ ಎಂಜಿನಿಯರುಗಳು, ಜೀವವಿಜ್ಞಾನಿಗಳು, ನ್ಯಾಯಾಲಯಗಳು ಕಲಿಯುತ್ತ ಬಂದಿವೆ. ಎಲ್ಲಿ ಕಟ್ಟಬೇಕು ಎಂಬ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು ಎನ್ನುವುದೇ ಆ ಕಲಿಕೆಯ ಸಾರ.

ಮೊಹಾವೆಯ ಆಮೆಗಳು

ಆ ಕಲಿಕೆಯ ಮೊದಲ ಅಧ್ಯಾಯ ನಡೆದದ್ದು ಅಮೆರಿಕದ ಮೊಹಾವೆ ಮರುಭೂಮಿಯಲ್ಲಿ. 1984ರಿಂದ 1990ರವರೆಗೆ ಅಲ್ಲಿ ಒಂದರ ಹಿಂದೊಂದು ಒಂಬತ್ತು ಸೌರ ಉಷ್ಣ ಸ್ಥಾವರಗಳು ಎದ್ದವು. ಎಲ್ಲ ಸೇರಿ ಅವುಗಳ ಸಾಮರ್ಥ್ಯ 354 ಮೆಗಾವಾಟ್. 1990ರಲ್ಲೇ ಅಲ್ಲಿನ ಮರುಭೂಮಿ ಆಮೆ ಕಾನೂನಿನ ರಕ್ಷಣೆ ಪಡೆದ ಜೀವಿಗಳ ಪಟ್ಟಿ ಸೇರಿತು.

ಸ್ಥಾವರ ಮತ್ತು ಆಮೆ ಮುಖಾಮುಖಿಯಾದದ್ದು ಇಪ್ಪತ್ತು ವರ್ಷಗಳ ನಂತರ, ಐವನ್‌ಪಾ ಯೋಜನೆಯಲ್ಲಿ. ಸುಮಾರು 3,500 ಎಕರೆಯಲ್ಲಿ 1.73 ಲಕ್ಷ ಕನ್ನಡಿ ಜೋಡಣೆಗಳು, ನಡುವೆ ಮೂರು ಗೋಪುರಗಳು, 392 ಮೆಗಾವಾಟ್ ಸಾಮರ್ಥ್ಯ. 2010ರಲ್ಲಿ ಕೆಲಸ ಶುರುವಾದ ಮೇಲೆ ಅಂದಾಜಿಗಿಂತ ಎಷ್ಟೋ ಹೆಚ್ಚು ಆಮೆಗಳು ಸಿಕ್ಕವು. ಆಮೆ ಬದುಕಿನ ಬಹುಪಾಲನ್ನು ಬಿಲದಲ್ಲೇ ಕಳೆಯುವ ಪ್ರಾಣಿ. ಮಳೆ ಕೈಕೊಟ್ಟ ವರ್ಷದಲ್ಲಿ ಎಣಿಸಲು ಹೋದರೆ ಕಣ್ಣಿಗೆ ಬೀಳುವುದೇ ಕಡಿಮೆ. 2011ರಲ್ಲಿ ಸರಕಾರ ಕಾಮಗಾರಿಯ ಒಂದು ಭಾಗವನ್ನು ತಡೆಹಿಡಿಯಬೇಕಾಯಿತು. ಆಮೆಗಳನ್ನು ಹಿಡಿದು, ಸಾಕಿ, ಬೇರೆಡೆ ಬಿಡಲು ಕೋಟ್ಯಂತರ ಡಾಲರ್ ಖರ್ಚಾಯಿತು. 2014ರಲ್ಲಿ ಉತ್ಪಾದನೆ ಆರಂಭವಾದ ಮೇಲೆ ಇನ್ನೊಂದು ಸಂಕಟ ಎದುರಾಯಿತು. ಕನ್ನಡಿಗಳು ಗೋಪುರದತ್ತ ಎಸೆಯುವ ಬೆಳಕಿನೊಳಗೆ ಹಾರಿಬಂದ ಹಕ್ಕಿಗಳ ಗರಿ ಸುಟ್ಟು, ಅವು ನೆಲಕ್ಕೆ ಬೀಳತೊಡಗಿದವು.

ಮೊದಲು ನಕ್ಷೆ, ಆಮೇಲೆ ಗುತ್ತಿಗೆ

ಜಾಗ ಗೊತ್ತುಮಾಡಿ ಆಮೇಲೆ ಜೀವಿಗಳನ್ನು ಸಾಗಿಸುವ ಕ್ರಮ ಸೋತಿತ್ತು. ಅದನ್ನು ಬದಲಿಸುವ ಪ್ರಯತ್ನವಾಗಿ 2012ರಲ್ಲಿ ಅಮೆರಿಕ ಸರಕಾರ ಆರು ರಾಜ್ಯಗಳ 2.85 ಲಕ್ಷ ಎಕರೆಯಷ್ಟು ಜಾಗದಲ್ಲಿ 17 ಸೌರವಲಯಗಳನ್ನು ಗುರುತಿಸಿತು. 2016ರ ಕ್ಯಾಲಿಫೋರ್ನಿಯಾ ಮರುಭೂಮಿ ಯೋಜನೆ ಇನ್ನೂ ಮುಂದೆ ಹೋಯಿತು. 1.08 ಕೋಟಿ ಎಕರೆ ಸರಕಾರಿ ನೆಲವನ್ನು ಒಟ್ಟಾಗಿ ಅಳೆದು, 3.88 ಲಕ್ಷ ಎಕರೆಯನ್ನು ಇಂಧನ ಯೋಜನೆಗಳಿಗೆ ಗೊತ್ತುಮಾಡಿ, ಬಹಳಷ್ಟು ಜಾಗವನ್ನು ಸಂರಕ್ಷಣೆಗೆ ಬಿಟ್ಟಿತು. ಹಾನಿಯನ್ನು ಮೊದಲು ತಪ್ಪಿಸು, ತಪ್ಪಿಸಲಾಗದ್ದನ್ನು ತಗ್ಗಿಸು, ಉಳಿದದ್ದಕ್ಕೆ ಮಾತ್ರ ಪರಿಹಾರ ಕೊಡು ಎಂಬ ಸೂತ್ರಕ್ಕೆ ನೆಲದ ಮೇಲೆ ಗೆರೆ ಬಿದ್ದದ್ದು ಹೀಗೆ.

ಕಟ್ಟುವ ಬಗೆಯಲ್ಲೂ ತಿಳಿವಳಿಕೆ ಬೆಳೆಯಿತು. ಮರುಭೂಮಿಯ ಮೇಲ್ಮಣ್ಣಿನಲ್ಲಿ ಪಾಚಿ, ಕಲ್ಲುಹೂವು, ಸೂಕ್ಷ್ಮಜೀವಿಗಳು ಸೇರಿ ಹೆಣೆದ ತೆಳುವಾದ ಪೊರೆಯಿರುತ್ತದೆ. ಧೂಳೇಳದಂತೆ ಮಣ್ಣನ್ನು ಹಿಡಿದಿಡುವುದು ಅದೇ. ಬುಲ್ಡೋಜರ್ ಒಮ್ಮೆ ಹೆರೆದರೆ ಅದು ಮತ್ತೆ ಕೂಡಲು ದಶಕಗಳೇ ಬೇಕು. ನೆವಾಡದ 690 ಮೆಗಾವಾಟಿನ ಜೆಮಿನಿ ಯೋಜನೆಯಲ್ಲಿ ನೆಲವನ್ನು ಪೂರ್ತಿ ಹೆರೆಯದೆ, ಗಿಡಗಳ ತುದಿ ಸವರಿ, ಬೇರು ಮತ್ತು ಬೀಜಗಳನ್ನು ಮಣ್ಣಿನಲ್ಲೇ ಉಳಿಸಿದರು. ಫಲಕಗಳು ಎದ್ದ ಮೇಲೂ ಅಲ್ಲಿನ ಅಪರೂಪದ ಪುಟ್ಟ ಸಸ್ಯವೊಂದು ಮತ್ತೆ ಮೊಳೆತದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಒಂದು ಗಿಡ ಮರಳಿತೆಂದು ಎಲ್ಲವೂ ಮರಳುತ್ತವೆ ಎನ್ನಲಾಗದು. ಆದರೂ ಕಟ್ಟುವವನ ಕೈ ಹಗುರವಾಗಿದ್ದರೆ ನೆಲ ಎಷ್ಟು ಉಳಿಯಬಲ್ಲದು ಎಂಬುದು ಅಲ್ಲಿ ಕಾಣುತ್ತದೆ.

ಥಾರಿನ ತಂತಿಗಳು

2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ ಆರಂಭವಾದಾಗ ಭಾರತ 2022ಕ್ಕೆ ಇಟ್ಟುಕೊಂಡ ಗುರಿ 20,000 ಮೆಗಾವಾಟ್. 2015ರಲ್ಲಿ ಅದು ಐದು ಪಟ್ಟಾಗಿ ಒಂದು ಲಕ್ಷಕ್ಕೇರಿತು. ಸುಮಾರು 14,000 ಎಕರೆಯಲ್ಲಿ 2,245 ಮೆಗಾವಾಟಿನ ಭಡ್ಲಾ ಸೌರ ಪಾರ್ಕ್ ಎದ್ದದ್ದು ಥಾರಿನಲ್ಲೇ.

ಕಂದಾಯದ ಕಡತದಲ್ಲಿ ಬಂಜರು ಎಂದು ಬರೆದ ಥಾರಿನ ಎಷ್ಟೋ ನೆಲ ಊರವರ ಬಾಯಲ್ಲಿ ಓರಣ್. ಅದು ದೇವರ ಹೆಸರಿನಲ್ಲಿ ಬಿಟ್ಟ ಗೋಮಾಳ. ಅಲ್ಲಿ ಕೊಡಲಿ ಹಾಕುವಂತಿಲ್ಲ, ದನ ಕುರಿ ಮೇಯಬಹುದು. ಜೈಸಲ್ಮೇರಿನ ದೇಗರಾಯ್ ಓರಣ್‌ನಂಥ ಕಡೆ ವಿದ್ಯುತ್ ತಂತಿಗಳು ಬಂದಾಗ ಊರವರೇ ಎದ್ದುನಿಂತರು. ಓರಣ್‌ಗಳನ್ನು ಅಳೆದು ಗುರುತಿಸುವಂತೆ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನಕ್ಕೆ ಹೇಳಿತು.

ಥಾರ್ ಈ ವಿದ್ಯೆಗೆ ಕೊಟ್ಟ ದೊಡ್ಡ ಪಾಠ ತಂತಿಗಳದ್ದು. ಅದನ್ನು ಕಲಿಸಿದ್ದು ಎರೆಭೂತ, ರಾಜಸ್ಥಾನದವರು ಗೋಡಾವಣ್ ಎನ್ನುವ ಗ್ರೇಟ್ ಇಂಡಿಯನ್ ಬಸ್ಟರ್ಡ್. ಗಂಡು ಹಕ್ಕಿ 15 ಕೆ.ಜಿ.ವರೆಗೂ ತೂಗುತ್ತದೆ. ಕಣ್ಣುಗಳು ತಲೆಯ ಪಕ್ಕಕ್ಕಿರುವುದರಿಂದ ಹಾರುವಾಗ ಎದುರಿನ ತಂತಿ ಸರಿಯಾಗಿ ಕಾಣದು. ಕಂಡರೂ ಆ ಭಾರ ಹೊತ್ತು ತಟ್ಟನೆ ಹೊರಳಲಾಗದು. ಸಾಮಾನ್ಯವಾಗಿ ಬರಿನೆಲದ ಮೇಲೆ ಒಂದೇ ಮೊಟ್ಟೆಯಿಡುವ ಈ ಹಕ್ಕಿ ಬಯಲಿನಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು. ಥಾರಿನ 4,200 ಚದರ ಕಿ.ಮೀ. ಪ್ರದೇಶದಲ್ಲಿ ತಂತಿಗೆ ಬಡಿದು ವರ್ಷಕ್ಕೆ ಸುಮಾರು 84,000 ಹಕ್ಕಿಗಳು ಸಾಯುತ್ತವೆಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜಿಸಿದೆ. ಬಿಸಿಲಿನ ವಿದ್ಯುತ್ತನ್ನು ಊರುಗಳಿಗೆ ಒಯ್ಯುವ ತಂತಿಗಳು ಹೆಚ್ಚಿದಷ್ಟೂ ಈ ಲೆಕ್ಕ ಬೆಳೆಯುತ್ತದೆ.

2019ರಲ್ಲಿ ವನ್ಯಜೀವಿ ಸಂರಕ್ಷಕ ಎಂ.ಕೆ. ರಂಜಿತ್‌ಸಿನ್ಹ್ ಮತ್ತಿತರರು ಈ ಹಕ್ಕಿಯನ್ನು ಉಳಿಸಲು ಸುಪ್ರೀಂ ಕೋರ್ಟಿಗೆ ಹೋದರು. 2021ರ ಏಪ್ರಿಲ್ 19ರ ಆದೇಶ ಸುಮಾರು 99,000 ಚದರ ಕಿ.ಮೀ. ವ್ಯಾಪ್ತಿಯಲ್ಲಿ ತಲೆಯ ಮೇಲಿನ ತಂತಿಗಳಿಗೆ ಕಡಿವಾಣ ಹಾಕಿತು. ಹೆಚ್ಚು ವೋಲ್ಟೇಜಿನ ತಂತಿಗಳನ್ನು ನೆಲದಡಿ ಹೂಳುವುದು ಕಷ್ಟ, ದುಬಾರಿ ಎಂದು ಕೇಂದ್ರ ಸರಕಾರ ಮೊರೆಯಿಟ್ಟಿತು. 2024ರ ಮಾರ್ಚ್ 21ರಂದು ನ್ಯಾಯಾಲಯ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿ ರಚಿಸಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ನಾಗರಿಕರ ಹಕ್ಕೆಂದು ಎತ್ತಿಹಿಡಿದದ್ದೂ ಅದೇ ತೀರ್ಪು. 2025ರ ಡಿಸೆಂಬರಿನಲ್ಲಿ ಸಮಿತಿಯ ಶಿಫಾರಸನ್ನು ಒಪ್ಪಿ, ರಾಜಸ್ಥಾನದ 14,013 ಮತ್ತು ಗುಜರಾತಿನ 740 ಚದರ ಕಿ.ಮೀ.ಗಳನ್ನು ಆದ್ಯತಾ ಪ್ರದೇಶವೆಂದು ನಿಗದಿ ಮಾಡಲಾಯಿತು. ಅದರೊಳಗೆ ಹೊಸ ಗಾಳಿಯಂತ್ರ ಇಲ್ಲ, 2 ಮೆಗಾವಾಟ್ ಮೀರಿದ ಹೊಸ ಸೌರ ಪಾರ್ಕ್ ಇಲ್ಲ, ತಂತಿಗಳಿಗೆ ಗೊತ್ತಾದ ಓಣಿಗಳು ಮಾತ್ರ. ಮೊಹಾವೆಯಲ್ಲಿ ಯೋಜಕರು ಎಳೆದ ಗೆರೆಯನ್ನು ಇಲ್ಲಿ ನ್ಯಾಯಾಲಯ ಎಳೆಯಿತು. ಅಷ್ಟರಲ್ಲಿ ಬಹಳಷ್ಟು ಕಂಬಗಳು ಎದ್ದು ನಿಂತಿದ್ದವು.

ನಮ್ಮ ಎರೆಬಯಲು

ಕರ್ನಾಟಕದಲ್ಲಿ ಮರುಭೂಮಿಯಿಲ್ಲ, ಆದರೆ ಈ ಪ್ರಶ್ನೆ ಇದೆ. ಪಾವಗಡದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಪಾರ್ಕ್ ಇದೆ. ಅಲ್ಲಿ ಜಮೀನನ್ನು ಕಸಿದುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಆ ಏರ್ಪಾಡು ಮೆಚ್ಚುವಂಥದ್ದು. ಆದರೆ ಜಮೀನಿಲ್ಲದ ಕುರಿಗಾಹಿಗೆ ಗುತ್ತಿಗೆಯ ಹಣವೂ ಬರಲಿಲ್ಲ, ಮೇಯಿಸುವ ಬಯಲೂ ಉಳಿಯಲಿಲ್ಲ.

ಬಳ್ಳಾರಿಯ ಸಿರುಗುಪ್ಪ ಸೀಮೆಯಲ್ಲಿ ಬೆರಳೆಣಿಕೆಯ ಎರೆಭೂತಗಳು ಇನ್ನೂ ಇವೆ. ಹಕ್ಕಿಯ ಹೆಸರಿನಲ್ಲೇ ಎರೆ ಮಣ್ಣು ಸೇರಿಕೊಂಡಿದೆ. ಆ ಸೀಮೆಯಲ್ಲಿ ಮುಂದಿನ ಫಲಕಕ್ಕೋ ತಂತಿಗೋ ಜಾಗ ಗುರುತಿಸುವ ಮೊದಲು ಎರಡು ಮಳೆಗಾಲ ನಡೆದು ನೋಡಬೇಕು. ಹಕ್ಕಿ ಎಲ್ಲಿ ಮೊಟ್ಟೆಯಿಡುತ್ತದೆ, ಕುರಿ ಎಲ್ಲಿ ಮೇಯುತ್ತದೆ, ಹುಲ್ಲು ಎಲ್ಲಿ ಚಿಗುರುತ್ತದೆ ಎಂದು ಊರವರನ್ನು ಕೇಳಿ ನಕ್ಷೆ ಮಾಡಬೇಕು. ಟೆಂಡರು ಆ ನಕ್ಷೆಯ ನಂತರ ಬರಲಿ. ಎರಡು ವರ್ಷ ತಡವಾದರೂ ಬಿಸಿಲು ಅಲ್ಲೇ ಇರುತ್ತದೆ. ಬೆರಳೆಣಿಕೆಯ ಹಕ್ಕಿಗಳ ಬಗ್ಗೆ ಹಾಗೆ ಹೇಳಲಾಗದು.