ನೆಲ ಮುಟ್ಟುವ ಗಳಿಗೆ

ವಿಮಾನಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮನುಷ್ಯನು ನೆಲವನ್ನು ಬಿಟ್ಟೇಳುವ ಗಳಿಗೆಯನ್ನು ಸಂಭ್ರಮದಿಂದ ವರ್ಣಿಸುತ್ತಾರೆ. ಕವಿಗಳ ಒಲವೂ ಆ ಕಡೆಗೇ. ಪುಷ್ಪಕದಿಂದ ಕಂಡ ಕಡಲು, ಕಾಡು, ನದಿಗಳ ವರ್ಣನೆಗೆ ನಮ್ಮಲ್ಲಿ ಬರವಿಲ್ಲ; ಅದು ನೆಲಕ್ಕೆ ಇಳಿದ ಬಗೆಯನ್ನು ಕುರಿತು ಯಾರೂ ಹೆಚ್ಚು ತಲೆ ಕೆಡಿಸಿಕೊಂಡಂತಿಲ್ಲ. ಆದರೆ ಗಾಯಗೊಂಡವರನ್ನು ತರಲು ಹೋಗುವ ಹೆಲಿಕಾಪ್ಟರಿನ ಚಾಲಕನಿಗೆ ಏರುವುದು ದೊಡ್ಡ ಮಾತಲ್ಲ. ಅವನ ಕಥೆಯೆಲ್ಲ ಇಳಿಯುವುದರಲ್ಲಿದೆ. ಪ್ರಯಾಣಿಕರ ವಿಮಾನಕ್ಕಾದರೋ ಅಳೆದು ಕಟ್ಟಿದ ಓಡುದಾರಿ ಉಂಟು, ಸಾಲುದೀಪ ಉಂಟು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತಿಳಿಸುವವರು ಉಂಟು. ಇವನಿಗೆ ಇರುವುದು ಹೆದ್ದಾರಿಯ ತಿರುವು, ಹೊಲದ ಬದು, ಹೊಳೆಯ ಮರಳದಿಣ್ಣೆ. ಆ ಜಾಗವನ್ನು ಅವನಿಗಿಂತ ಮೊದಲು ಯಾರೂ ಅಳೆದಿಲ್ಲ.

ಈ ಇಳಿತದ ಚರಿತ್ರೆಗೆ ವಯಸ್ಸು ಎಂಬತ್ತು ವರ್ಷಗಳಿಗೆ ತುಸು ಹೆಚ್ಚು. ಅದು ಆರಂಭವಾದದ್ದು ನಮ್ಮ ನೆರೆಯಲ್ಲಿಯೇ, ಬರ್ಮಾದ ಕಾಡಿನಲ್ಲಿ. 1944ರ ಏಪ್ರಿಲ್ ತಿಂಗಳಲ್ಲಿ ಗಾಯಗೊಂಡ ಮೂವರು ಬ್ರಿಟಿಷ್ ಸೈನಿಕರನ್ನು ಹೊತ್ತಿದ್ದ ಅಮೆರಿಕದ ಸಣ್ಣ ವಿಮಾನವೊಂದು ಜಪಾನೀಯರ ಹಿಡಿತದಲ್ಲಿದ್ದ ಪ್ರದೇಶದಲ್ಲಿ ಕೆಳಗೆ ಬಿತ್ತು. ಚಾಲಕನೂ ಸೇರಿ ನಾಲ್ವರೂ ಬದುಕಿದ್ದರು. ಬೇರೆ ವಿಮಾನ ಇಳಿಯುವಷ್ಟು ಬಯಲು ಅಲ್ಲಿರಲಿಲ್ಲ. ಆಗ ಅಸ್ಸಾಮಿನ ಲಾಲಾಘಾಟ್ ನೆಲೆಯಲ್ಲಿದ್ದ ಕಾರ್ಟರ್ ಹಾರ್ಮನ್ ಎಂಬ ತರುಣ ಅಧಿಕಾರಿಗೆ ಕರೆ ಹೋಯಿತು. ಅವನ ಕೈಯಲ್ಲಿದ್ದುದು ಸಿಕೋರ್ಸ್ಕಿಯ ಆರ್-4 ಜಾತಿಯ ಹೆಲಿಕಾಪ್ಟರು. ಎಂಜಿನಿನ ಬಲ 200 ಅಶ್ವಶಕ್ತಿಯನ್ನು ಮೀರದು. ಬೇಸಗೆಯ ಆ ಸುಡುಗಾಳಿಯಲ್ಲಿ ಅದು ಚಾಲಕನಲ್ಲದೆ ಇನ್ನೊಬ್ಬನನ್ನು ಎತ್ತುವುದೇ ಕಷ್ಟ. ಆದ್ದರಿಂದ ಹಾರ್ಮನ್ ಒಬ್ಬೊಬ್ಬನನ್ನಾಗಿ ತಂದ. ಏಪ್ರಿಲ್ 25ರಂದು ಇಬ್ಬರನ್ನು ತಂದು ಹೊಳೆಯ ಮರಳಿನ ಮೇಲೆ ಕಾದಿದ್ದ ವಿಮಾನಕ್ಕೆ ಒಪ್ಪಿಸುವಷ್ಟರಲ್ಲಿ ಎಂಜಿನು ಕಾದು ಕೈಕೊಟ್ಟಿತು. ಉಳಿದಿಬ್ಬರನ್ನು ಮರುದಿನ ತಂದ. ಹೆಲಿಕಾಪ್ಟರು ಯುದ್ಧಭೂಮಿಯಿಂದ ಗಾಯಾಳುಗಳನ್ನು ಎತ್ತಿ ತಂದ ಮೊದಲ ಪ್ರಸಂಗವೆಂದು ಚರಿತ್ರಕಾರರು ಇದನ್ನು ಎಣಿಸುತ್ತಾರೆ. ಈ ಹಾರ್ಮನ್ ಮುಂದೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಸಂಗೀತ ವಿಮರ್ಶಕನಾದ, ಸ್ವತಃ ಸಂಗೀತ ರಚಿಸಿದ ಎಂಬುದು ಈ ಮಾತಿಗೆ ಸಂಬಂಧಿಸಿದ್ದಲ್ಲ, ಆದರೂ ಹೇಳಬೇಕೆನಿಸಿತು. ಎಂಜಿನಿನ ಶ್ರುತಿ ಕೆಟ್ಟದ್ದು ಅವನ ಕಿವಿಗೆ ಇತರರಿಗಿಂತ ಮೊದಲೇ ತಿಳಿದಿರಬೇಕು.

ಕೊರಿಯಾ ಯುದ್ಧದ ಹೊತ್ತಿಗೆ ಇದೊಂದು ವ್ಯವಸ್ಥೆಯಾಯಿತು. ಗಾಜಿನ ಗುಳ್ಳೆಯಂತಿದ್ದ ಬೆಲ್ ಹೆಲಿಕಾಪ್ಟರುಗಳ ಎರಡು ಪಕ್ಕಗಳಲ್ಲಿ ಸ್ಟ್ರೆಚರುಗಳನ್ನು ಕಟ್ಟಿ ಸುಮಾರು 18,000 ಗಾಯಾಳುಗಳನ್ನು ಸಾಗಿಸಿದರು. ರಾತ್ರಿ ಹಾರುವ ಸಲಕರಣೆ ಅವುಗಳಲ್ಲಿ ಇರಲಿಲ್ಲ. ಆದರೂ ಕೆಲವರು ಟಾರ್ಚಿನ ಬೆಳಕಿನಲ್ಲಿ ಮುಳ್ಳುಗಳನ್ನು ನೋಡಿಕೊಂಡು ಹಾರಿದರು.

ವಿಯೆಟ್ನಾಮಿನಲ್ಲಿ ಈ ಕೆಲಸಕ್ಕೆ ಒಂದು ಹೆಸರೂ ಒಂದು ಧರ್ಮವೂ ಹುಟ್ಟಿಕೊಂಡವು. ಹೆಸರು 'ಡಸ್ಟ್ ಆಫ್'. ರೇಡಿಯೋದಲ್ಲಿ ಕರೆಯಲು ಇಟ್ಟುಕೊಂಡ ಆ ಸಂಕೇತ, ಇಳಿಯುವಾಗ ಏಳುವ ಧೂಳಿನಿಂದಾಗಿ ಅನ್ವರ್ಥವೂ ಆಯಿತು. ಧರ್ಮವನ್ನು ಹಾಕಿಕೊಟ್ಟವನು ಮೇಜರ್ ಚಾರ್ಲ್ಸ್ ಕೆಲಿ. 1964ರ ಜುಲೈ 1ರಂದು ಗುಂಡಿನ ಮಳೆಯ ನಡುವೆ ಇಳಿದಿದ್ದ ಅವನಿಗೆ, ಕೂಡಲೆ ಅಲ್ಲಿಂದ ಹೊರಡು ಎಂದು ನೆಲದಲ್ಲಿದ್ದವರೇ ಕೂಗಿ ಹೇಳಿದರು. ಗಾಯಗೊಂಡವರು ಒಳಗೆ ಬಂದ ಮೇಲೆ ಹೊರಡುವೆನೆಂದು ಅವನು ಉತ್ತರ ಕೊಟ್ಟ. ಮರುಕ್ಷಣದಲ್ಲಿ ಗುಂಡು ತಗುಲಿ ಸತ್ತ. ಆ ಉತ್ತರವೇ ಅವನ ದಳದವರಿಗೆ ಮಂತ್ರವಾಯಿತು. ಅವನ ಕೈಕೆಳಗೆ ಪಳಗಿದ ಪ್ಯಾಟ್ರಿಕ್ ಬ್ರೇಡಿ 1968ರ ಜನವರಿ 6ರಂದು ದಟ್ಟ ಮಂಜು ಕವಿದ ಕಣಿವೆಗೆ ಇಳಿದದ್ದು ಹೇಗೆಂದರೆ, ಹೆಲಿಕಾಪ್ಟರನ್ನು ಅಡ್ಡಲಾಗಿ ತಿರುಗಿಸಿ, ಅದರ ರೆಕ್ಕೆಯ ಗಾಳಿಯಿಂದಲೇ ಮಂಜನ್ನು ಚದರಿಸಿ, ಬಿಡುವಾದ ಕಿಂಡಿಯಲ್ಲಿ ನೆಲವನ್ನು ನೋಡುತ್ತ ಇಳಿದ. ಆ ಒಂದೇ ದಿನ ಮೂರು ಹೆಲಿಕಾಪ್ಟರುಗಳನ್ನು ಬದಲಿಸಿ 51 ಮಂದಿಯನ್ನು ತಂದ. ಇಳಿಯುವ ಜಾಗವನ್ನು ಸೂಚಿಸಲು ನೆಲದವರು ಬಣ್ಣದ ಹೊಗೆಯನ್ನು ಎಬ್ಬಿಸುತ್ತಿದ್ದರು. ರೇಡಿಯೋದಲ್ಲಿ ಬಣ್ಣದ ಹೆಸರನ್ನು ಕದ್ದು ಕೇಳಿದ ಶತ್ರುಗಳು ತಾವೂ ಅದೇ ಬಣ್ಣದ ಹೊಗೆ ಎಬ್ಬಿಸುವುದುಂಟು. ಆದ್ದರಿಂದ ಬಣ್ಣವನ್ನು ಮೊದಲು ಮೇಲಿನವನು ಹೇಳಬೇಕು, ಕೆಳಗಿನವರು ಹೌದೆನ್ನಬೇಕು ಎಂಬ ಕ್ರಮ ಬಂತು. ಯಾರು ಮೊದಲು ಮಾತಾಡಬೇಕು ಎಂಬುದರಲ್ಲಿ ಪ್ರಾಣ ಅಡಗಿತ್ತು.

ಯುದ್ಧದಲ್ಲಿ ಕಲಿತ ವಿದ್ಯೆ ಬಲುಬೇಗ ಊರಿಗೆ ಬಂತು. 1970ರ ನವೆಂಬರ್ 1ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ 'ಕ್ರಿಸ್ಟೋಫ್ 1' ಎಂಬ ಹೆಲಿಕಾಪ್ಟರು ವೈದ್ಯರನ್ನು ರಸ್ತೆ ಅಪಘಾತಗಳ ಬಳಿಗೆ ಒಯ್ಯತೊಡಗಿತು. ದಾರಿಗರನ್ನು ಕಾಯುವ ಸಂತ ಕ್ರಿಸ್ಟೋಫರನ ಹೆಸರು ಅದು. 1972ರಲ್ಲಿ ಅಮೆರಿಕದ ಡೆನ್ವರ್ ನಗರದ ಆಸ್ಪತ್ರೆಯೊಂದು ಇಂಥದೇ ಸೇವೆಯನ್ನು ಆರಂಭಿಸಿತು. ಮುಂದಿನ ಹದಿನೈದು ವರ್ಷಗಳಲ್ಲಿ ಅಲ್ಲಿ ಅವು ಊರೂರಿಗೂ ಹಬ್ಬಿದವು. ಸೈನ್ಯದಿಂದ ಬಿಡುಗಡೆಯಾದ ಚಾಲಕರು ಈ ಕೆಲಸಕ್ಕೆ ಬಂದರು. ಬರುವಾಗ ಕೆಲಿಯ ಧರ್ಮವನ್ನೂ ಜೊತೆಗೆ ತಂದರು. ಇಲ್ಲಿ ಶತ್ರುಗಳ ಗುಂಡಿರಲಿಲ್ಲ, ನಿಜ. ಆದರೆ ಅದರ ಜಾಗದಲ್ಲಿ ನಿಂತಿದ್ದವು ಹೆಚ್ಚು ಮೌನವಾದ ಅಪಾಯಗಳು.

ಅವುಗಳಲ್ಲಿ ಮೊದಲನೆಯದು ತಂತಿ. ವಿದ್ಯುತ್ತಿನ ತಂತಿ ಹಗಲಿನಲ್ಲಿಯೂ ಮೇಲಿನಿಂದ ಕಾಣಿಸದು. ತಂತಿಯನ್ನು ಹುಡುಕಬೇಡ, ಕಂಬವನ್ನು ಹುಡುಕು ಎಂದು ಚಾಲಕರಿಗೆ ಪಾಠ ಹೇಳುತ್ತಾರೆ. ಎರಡು ಕಂಬ ಕಂಡರೆ ನಡುವೆ ತಂತಿ ಇದೆಯೆಂದೇ ನಂಬಬೇಕು. ಆಮೇಲೆ ಧೂಳು, ಹಿಮದ ಪುಡಿ: ನೆಲಕ್ಕೆ ಕೆಲವೇ ಅಡಿಗಳಿರುವಾಗ ಅದು ಎದ್ದು ಎಲ್ಲವನ್ನೂ ಮುಚ್ಚುತ್ತದೆ, ತಾನು ಇಳಿಯುತ್ತಿರುವೆನೋ ಪಕ್ಕಕ್ಕೆ ಜಾರುತ್ತಿರುವೆನೋ ಎಂಬುದೇ ಚಾಲಕನಿಗೆ ತಿಳಿಯದು. ಇನ್ನೊಂದು ಅಪಾಯವಂತೂ ವಿಚಿತ್ರವಾದದ್ದು. ಹೆಲಿಕಾಪ್ಟರು ಗಾಳಿಯನ್ನು ಕೆಳಗೆ ತಳ್ಳಿ ಆ ಬಲದಿಂದ ನಿಲ್ಲುತ್ತದೆ. ನೆಟ್ಟಗೆ, ಬೇಗಬೇಗ ಇಳಿದರೆ ತಾನು ತಳ್ಳಿದ ಗಾಳಿಯ ಸುಳಿಯೊಳಗೆ ತಾನೇ ಸಿಕ್ಕಿಕೊಳ್ಳುತ್ತದೆ. ಆಗ ಎಂಜಿನಿಗೆ ಎಷ್ಟು ಬಲ ಕೊಟ್ಟರೂ ಮುಳುಗುವುದು ಹೆಚ್ಚೀತೇ ಹೊರತು ಕಡಮೆಯಾಗದು. ಹಾಗಾಗಿ ಓರೆಯಾಗಿ, ಗಾಳಿಗೆ ಎದುರಾಗಿ, ನಿಧಾನವಾಗಿ ಬರಬೇಕು. ಅದಕ್ಕೂ ಮೊದಲು ಜಾಗವನ್ನು ಒಮ್ಮೆ ಸುತ್ತಿ ನೋಡಬೇಕು. ಕೆಳಗೆ ರಕ್ತ ಹರಿಯುತ್ತಿರುವಾಗ ಒಂದು ಸುತ್ತು ಹೆಚ್ಚಿಗೆ ಹೊಡೆಯುವ ತಾಳ್ಮೆ ಸುಲಭದ್ದಲ್ಲ. ಇಳಿದ ಮೇಲೂ ಮುಗಿಯಿತೆನ್ನುವಂತಿಲ್ಲ. ಬಾಲದ ರೆಕ್ಕೆ ಸುತ್ತುವಾಗ ಕಣ್ಣಿಗೆ ಕಾಣದು, ನೆರವಿಗೆಂದು ಓಡಿ ಬಂದವರೇ ಅದಕ್ಕೆ ಸಿಕ್ಕಿ ಸಾಯಬಹುದು. ಅಚ್ಚುಕಟ್ಟಾದ ಆಸ್ಪತ್ರೆಯ ಅಂಗಳವೂ ನಿರಪಾಯವಲ್ಲ. 2008ರ ಜೂನ್ 29ರಂದು ಅರಿಝೋನಾದ ಫ್ಲಾಗ್‌ಸ್ಟಾಫ್ ಪಟ್ಟಣದಲ್ಲಿ ಒಂದೇ ಆಸ್ಪತ್ರೆಗೆ ಬರುತ್ತಿದ್ದ ಎರಡು ಹೆಲಿಕಾಪ್ಟರುಗಳು ಆಕಾಶದಲ್ಲಿಯೇ ಡಿಕ್ಕಿ ಹೊಡೆದು ಏಳು ಮಂದಿ ಹೋದರು.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1988ರಲ್ಲಿ ಇಂಥ 59 ಅಪಘಾತಗಳನ್ನು ಪರಿಶೀಲಿಸಿತು. ಅವೆಲ್ಲ 1978ರಿಂದ 1986ರವರೆಗಿನವು. ಕೆಟ್ಟ ಹವೆಯೇ ಎಲ್ಲಕ್ಕಿಂತ ದೊಡ್ಡ ಅಪಾಯವೆಂದು ಅದು ಕಂಡುಕೊಂಡಿತು. ಮಂಜು ಕವಿದಿದ್ದರೆ ಹೋಗಬಾರದೆಂದು ಯಾವ ಚಾಲಕನಿಗೆ ಗೊತ್ತಿಲ್ಲ? ಗೊತ್ತಿದ್ದೂ ಹೋದದ್ದೇಕೆ? ಈ ಪ್ರಶ್ನೆಯ ಬೆನ್ನು ಹತ್ತಿದವರು ಯಂತ್ರವನ್ನು ಬಿಟ್ಟು ಮನಸ್ಸಿನ ಬಳಿಗೆ ಬಂದರು. ಕಾಯುತ್ತಿರುವುದು ಒಂದು ಮಗು ಎಂದು ತಿಳಿದ ಕೂಡಲೆ ಚಾಲಕನ ತಕ್ಕಡಿ ವಾಲುತ್ತದೆ. ಮಂಜು ತೆಳುವಾಗಿದ್ದಂತೆ, ಬಯಲು ಅಗಲವಾಗಿದ್ದಂತೆ ಕಾಣತೊಡಗುತ್ತದೆ. ಆದ್ದರಿಂದ ಹಲವು ಸೇವೆಗಳು ಒಂದು ನಿಯಮವನ್ನು ತಂದುಕೊಂಡವು: ಹೋಗಬಹುದೇ ಬೇಡವೇ ಎಂದು ನಿರ್ಧರಿಸುವವರೆಗೆ ರೋಗಿ ಯಾರು, ಸ್ಥಿತಿ ಏನು ಎಂಬುದನ್ನು ಚಾಲಕನಿಗೆ ಹೇಳತಕ್ಕದ್ದಲ್ಲ. ಅವನಿಗೆ ಬೇಕಾದದ್ದು ಸ್ಥಳ, ದೂರ, ಹವೆ, ತೂಕ ಇಷ್ಟೆ. ಒಳಗಿರುವ ವೈದ್ಯನಾಗಲಿ ದಾದಿಯಾಗಲಿ ಒಬ್ಬರು ಬೇಡವೆಂದರೂ ಹಿಂತಿರುಗಬೇಕು, ಕಾರಣ ಕೇಳುವಂತಿಲ್ಲ.

ಮೊದಲು ಕೇಳಿದಾಗ ಈ ನಿಯಮ ನಿಷ್ಕರುಣೆಯದೆಂದು ತೋರೀತು. ನನಗೆ ಹಾಗೆನಿಸುವುದಿಲ್ಲ. ಕರುಣೆ ಕುರುಡಾಗುವುದುಂಟೆಂದು ಬಲ್ಲವರು ಮಾಡಿದ ನಿಯಮ ಇದು. ಕೆಲಿ ಬಂದದ್ದು ಯುದ್ಧಕ್ಕೆ. ಅಲ್ಲಿ ಅವನು ಪಣವಿಟ್ಟದ್ದನ್ನು ನಾವು ಗೌರವದಿಂದ ನೆನೆಯಬೇಕು. ಊರಿನ ಹೆಲಿಕಾಪ್ಟರು ಕಂಬಕ್ಕೆ ಬಡಿದರೆ ಕಾಯುತ್ತಿದ್ದ ರೋಗಿಗೂ ನೆರವು ಸಿಕ್ಕದು, ಹೋದವರೂ ಉಳಿಯರು. ಅಪಘಾತದ ಸ್ಥಳಕ್ಕೇ ಕರೆದಾಗ ಚಾಲಕನಿಗೆ ಎಲ್ಲವೂ ಊಹೆಗೆ ಬಂದೇ ಬರುತ್ತದೆ, ಕಣ್ಣಿಗೂ ಬೀಳುತ್ತದೆ; ಅಲ್ಲಿ ಈ ನಿಯಮದ ಬಲ ಅರ್ಧ ಮಾತ್ರ. ಅದನ್ನು ಮುರಿಯುವ ಉಪಾಯಗಳೂ ಇದ್ದವು. ಹವೆ ಕೆಟ್ಟಿದೆಯೆಂದು ಒಂದು ಸಂಸ್ಥೆ ಒಲ್ಲೆನೆಂದರೆ, ಅದನ್ನು ಮುಚ್ಚಿಟ್ಟು ಇನ್ನೊಂದನ್ನು ಕರೆಯುವುದು ಅಮೆರಿಕದಲ್ಲಿ ನಡೆಯುತ್ತಿತ್ತು. ಅಂಗಡಿಯಿಂದ ಅಂಗಡಿಗೆ ಅಲೆಯುವ ಗಿರಾಕಿಯ ವ್ಯವಹಾರ! 2002ರ ಜನವರಿಯಿಂದ 2005ರ ಜನವರಿಯವರೆಗೆ 55 ಅಪಘಾತಗಳಾಗಿ 54 ಮಂದಿ ಸತ್ತರೆಂದು ಅದೇ ಮಂಡಳಿ 2006ರಲ್ಲಿ ವರದಿ ಮಾಡಿತು. ಗುಡ್ಡ ಅಡ್ಡ ಬಂದರೆ ಎಚ್ಚರಿಸುವ ಉಪಕರಣ ಇರಬೇಕು, ಹೊರಡುವ ಮೊದಲು ಅಪಾಯವನ್ನು ಲೆಕ್ಕ ಹಾಕಬೇಕು ಎಂಬ ಕಾನೂನು ಬರಲು 2014ರವರೆಗೆ ಕಾಯಬೇಕಾಯಿತು.

ನಮ್ಮ ದೇಶದಲ್ಲಿ ಈ ವಿದ್ಯೆ ಬೆಳೆದದ್ದು ಹಿಮಾಲಯದಲ್ಲಿ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ರೆಕ್ಕೆಗೆ ಹಿಡಿತ ಸಿಕ್ಕದು. ಭಾರತದ ಬೇಡಿಕೆಗಾಗಿಯೇ ಫ್ರಾನ್ಸಿನಲ್ಲಿ ರೂಪುಗೊಂಡ 'ಲಾಮಾ' ಹೆಲಿಕಾಪ್ಟರು 1969ರಲ್ಲಿ ಹಿಮಾಲಯದಲ್ಲಿ 7,500 ಮೀಟರ್ ಎತ್ತರದಲ್ಲಿ ಇಳಿದು ಏರಿ ತೋರಿಸಿತು. ಅದನ್ನೇ ನಮ್ಮ ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಕಾರ್ಖಾನೆ 'ಚೀತಾ' ಎಂಬ ಹೆಸರಿನಲ್ಲಿ ತಯಾರಿಸಿತು. 1984ರಿಂದ ಸಿಯಾಚಿನ್ ಹಿಮನದಿಯ ಕಾವಲಿನಲ್ಲಿ ಕಾಯಿಲೆ ಬಿದ್ದವರನ್ನೂ ಹಿಮ ಕಚ್ಚಿದವರನ್ನೂ ಈ ಚೀತಾಗಳು ಕೆಳಗೆ ತಂದಿವೆ. ಹಿಮದ ಮೇಲೆ ಮೇಜಿನಷ್ಟೇ ಅನ್ನಿಸುವ ಸಣ್ಣ ಹಾಸಿನ ಮೇಲೆ ಇಳಿಯಬೇಕು, ಎಂಜಿನನ್ನು ನಿಲ್ಲಿಸುವಂತಿಲ್ಲ. ಅತಿ ಎತ್ತರದ ಠಾಣೆಗಳಿಂದ ಒಂದು ಸಲಕ್ಕೆ ಒಬ್ಬನನ್ನು ತಂದರೆ ಹೆಚ್ಚು. ಬರ್ಮಾದ ಹಾರ್ಮನ್ನನ ಲೆಕ್ಕವೇ ಇಲ್ಲಿಯೂ.

ನಾಗರಿಕರಿಗಾಗಿ ಋಷಿಕೇಶದ ಏಮ್ಸ್ ಆಸ್ಪತ್ರೆ 2024ರ ಅಕ್ಟೋಬರಿನಲ್ಲಿ 'ಸಂಜೀವನಿ' ಎಂಬ ಹೆಲಿಕಾಪ್ಟರ್ ಸೇವೆಯನ್ನು ಆರಂಭಿಸಿತು. 2025ರ ಮೇ 17ರಂದು ರೋಗಿಯೊಬ್ಬರನ್ನು ಕರೆತರಲು ಅದು ಸುಮಾರು 3,500 ಮೀಟರ್ ಎತ್ತರದ ಕೇದಾರನಾಥಕ್ಕೆ ಹೋಯಿತು. ಇಳಿದಾಣದ ಹತ್ತಿರ ಬಂದು ನೆಲಕ್ಕೆ ಬಡಿಯಿತು. ಬಾಲ ಮುರಿದು ಬೇರೆಯಾಯಿತು. ಒಳಗಿದ್ದವರು ಮೂವರು, ಚಾಲಕ, ವೈದ್ಯ, ಶುಶ್ರೂಷಕ. ಮೂವರೂ ನಡೆದು ಹೊರಗೆ ಬಂದರು.